ಅದೇ ನೌಶೇರಾ

ಕ್ಲೈನ್‌ಬರ್ಗಿನ ಆ ಗೃಹಪ್ರವೇಶಕ್ಕ ನಾ ಹೋಗಬಾರದಿತ್ತು. ಮನ್ಯಾಗ ಹೇಳಿದ್ದೆ ಕೂಡ, ನನಗ ಆ ಶ್ರೀಕಂಠನ ಮುಖ ನೋಡೋದು ಬ್ಯಾಡ ಅಂತ. "ಕರದಾರ, ಹೋಗಿ ಅಕ್ಷತಾ ಹಾಕಿ ಬಂದುಬಿಡೂಣು. ಇಷ್ಟು ವರ್ಷ ಆತು, ಇನ್ನೂ ಎಷ್ಟು ದಿವಸ ಸಿಟ್ಟು ಹಿಡಕೊಂಡು ಕುಂಡ್ರತಿ?" ಅಂದ್ರು ನಮ್ಮವರು. ನಾ ಎಲ್ಲಿ ಹಿಡಕೊಂಡೇನಿ, ಅದ ನನ್ನ ಹಿಡಕೊಂಡೈತಿ. ಆದ್ರೂ ಸೀರಿ ಉಟಗೊಂಡು ಹೋದೆ.

ಶ್ರೀಕಂಠನ ಹೊಸ ಮನಿ, ಮನಿ ಅಂದ್ರ ಮನಿ. ಬಾಗಲದಾಗ ಕಾಲಿಟ್ಟರ ತಲಿ ಎತ್ತಿ ನೋಡಬೇಕು, ಅಷ್ಟು ಎತ್ತರಕ್ಕ ಗಾಜಿನ ದೀಪದ ಝೂಮರ್ ತೂಗಹಾಕ್ಯಾರ. ಹೋಮ ಮುಗದು ಊಟ ನಡದಿತ್ತು. ಬಿಸಿಬ್ಯಾಳಿಬಾತ್ ಹಾಕಿಸಿಕೊಂಡು ಒಂದು ಕಂಬದ ಬಾಜೂಕ ನಿಂತಿದ್ದೆ. ಆ ಕಂಬದ ಆಕಡಿ ಶ್ರೀಕಂಠ, ಅವನ ಸುತ್ತ ಈ ದೇಶಕ್ಕ ಹೊಸದಾಗಿ ಬಂದ ಹುಡುಗ್ರು, ಬೆಂಗಳೂರಿನವರು. ಅವರಿಗೆ ಹೇಳ್ತಿದ್ದ: "ನಾವು ಬೋಲ್ಟನ್ನಲ್ಲಿದ್ದಾಗ, ಟೂ ಥೌಸಂಡ್ ಒನ್ನಲ್ಲಿ, ನಮ್ಮ ನೌಶೇರಾದ ಒಂದು ಫ್ಯಾಮಿಲೀನ ಬೇಸ್‌ಮೆಂಟಲ್ಲಿ ಇಟ್ಕೊಂಡಿದ್ವಿ. ತಾಯಿ, ಮಗಳು. ಪಾಪ, ಆ ಟೈಮಲ್ಲಿ ಅವರಿಗೆ ಯಾರೂ ಮನೆ ಕೊಡ್ತಿರ್ಲಿಲ್ಲ. ಏನೋ, ನಮ್ಮ ಕೈಲಾದಷ್ಟು."

  ಕೈಲಾದಷ್ಟಂತ! ಅವನ ಕೈಲೆ ಏನಾಗಿತ್ತು ಅಂತ ನನ್ನ ಕೇಳ್ರಿ, ನಾ ಹೇಳ್ತೀನಿ.

ಆ ವರ್ಷ ನಾ ಬೋಲ್ಟನ್ನಿನ ಒಂದು ವೇರ್‌ಹೌಸಿನ್ಯಾಗ ಪ್ಯಾಕಿಂಗ್ ಮಾಡ್ತಿದ್ದೆ. ಹಾಸಿಗಿ ಚಾದರ, ದಿಂಬಿನ ಗೌಸು, ಅವನ್ನ ಮಡಚಿ ಡಬ್ಬಿಗೆ ತುಂಬಿ ಟೇಪ್ ಹೊಡಿಯೂದು. ನನ್ನ ಎದುರಿಗೆ ನಿಂತು ಟೇಪ್ ಹೊಡಿಯಾಕಿ ಜರ್ಮೀನಾ. ಎತ್ತರದ ಹೆಣಮಗಳು, ನಕ್ಕರ ಇಡೀ ಲೈನಿಗೆ ಕೇಳತಿತ್ತು. ಗಂಡ ಹೈವೇ ಮ್ಯಾಲೆ ಆಕ್ಸಿಡೆಂಟದಾಗ ಹೋಗಿಬಿಟ್ಟಿದ್ದ. ಮಗಳು ಒಬ್ಬಾಕಿನ ಆದ್ಲು ಅಂತ ತಾಯಿ ಬಂದು ಜೋಡಿ ಇದ್ದರು. ಜರ್ಮೀನಾ ತಾಯಿಗೆ "ಅದೇ" ಅಂತ ಕರೀತಿದ್ಲು. ಪಠಾಣರ ಪಶ್ತೋ ಮಾತಿನ್ಯಾಗ ಅವ್ವಗ ಹಂಗ ಅಂತಾರ. ಮೊದಲ ಸಲ ಕೇಳಿದಾಗ ನನಗ ನಗಿ ತಡಿಯಾಕ ಆಗಲಿಲ್ಲ. "ಯಾವುದು ಅದೇ?" ಅಂತ ಕೇಳಿ, ಕನ್ನಡದಾಗ ಅದರ ಅರ್ಥ ಏನು ಅಂತ ಹೇಳಿದೆ. ಅಕಿನೂ ಬಿದ್ದು ಬಿದ್ದು ನಕ್ಕಳು. ಅವತ್ತಿಂದ ನಾನೂ ಅವರಿಗೆ ಅದೇ ಅಂತನ ಕರೆದೆ.

ನನಗೂ ಅದೇಗೂ ಗಂಟು ಬಿದ್ದದ್ದು ಬೆಲ್ಲದ ಸಂಬಂಧ. ನಾ ಮಹಾಲಿಂಗಪುರದಾಕಿ, ಬೆಲ್ಲದ ಪ್ಯಾಟ್ಯಾಗ ಹುಟ್ಟಿ ಬೆಳದಾಕಿ. ಅವರ ಅಪಾರ್ಟ್‌ಮೆಂಟಿಗೆ ಹೋದಾಗ ಅದೇ ಒಂದು ಚೂರು ಬೆಲ್ಲ ಹಲ್ಲಿನ್ಯಾಗ ಹಿಡಕೊಂಡು ಹಸರ ಚಹಾ ಹೀರತಿದ್ದರು. ನಮ್ಮಜ್ಜನೂ ಹಂಗ ಕುಡೀತಿದ್ದ. ನಮ್ಮೂರಾಗೂ ಗಾಣ ಅದಾವು ಅಂತ ನನ್ನ ಹರಕು ಮುರಕು ಹಿಂದ್ಯಾಗ ಹೇಳಿದೆ. "ಗಾಣಿ?" ಅಂದ್ರು ಅದೇ, ಕಣ್ಣ ಅಗಲ ಮಾಡಿ. ಅವರ ಮಾತಿನ್ಯಾಗೂ ಅದು ಗಾಣಿನ ಅಂತ! ಕಬ್ಬು ಹಿಂಡೋ ಗಾಣಿ, ಕೊಪ್ಪರಗಿ, ಬುರುಗು ತಗಿಯೋ ಜಾಲಿ ಸೌಟು, ಎಲ್ಲಾ ಕೈ ಮಾಡಿ ತೋರಿಸಿದ್ರು. ಆ ಮುದುಕಿ ನನ್ನ ಗಲ್ಲಾ ಹಿಡದು ಅಲುಗಾಡಿಸಿ ಬಾಯಾಗ ಒಂದು ಹೆಂಟಿ ಬೆಲ್ಲ ತುರುಕಿದ್ರು. ಬದಾಮಿ ಹಾಕಿ ಕಾಸಿದ್ದು, ಅವರೂರಿಂದ ಬಂದದ್ದು.

ಅವರೂರಿನ ಮ್ಯಾಲೆ ಅವರಿಗೆ ಎಂಥಾ ಅಭಿಮಾನ ಅಂದ್ರ, ಬಸ್ಸಿನ್ಯಾಗ ಬಾಜೂಕ ಕುಂತವರು ಥಂಡಿ ಐತಿ ಅಂದ್ರ ಸಾಕು, "ನಾ ನೌಶೇರಾದಾಕಿ, ಹೊಳಿ ದಂಡಿಯಾಕಿ, ನಮಗ ಥಂಡಿ ಏನೂ ಮಾಡಂಗಿಲ್ಲ" ಅಂತ ಕೇಳದನ ಹೇಳ್ತಿದ್ದರು. ಮಗಳು ಭಾಷಾಂತರ ಮಾಡಿ ಮಾಡಿ ಸುಸ್ತ ಆಗ್ತಿದ್ಲು.

ಆಮ್ಯಾಲೆ ಆ ಸೆಪ್ಟೆಂಬರ್ ಬಂತು. ನ್ಯೂಯಾರ್ಕಿನ್ಯಾಗ ಏನಾತು ಎಲ್ಲಾರಿಗೂ ಗೊತ್ತೈತಿ. ನಮ್ಮ ವೇರ್‌ಹೌಸಿನ ಲಂಚ್‌ರೂಮಿನ್ಯಾಗ ಏನಾತು ಅಂದ್ರ, ಜರ್ಮೀನಾ ಕುಂತ ಟೇಬಲ್ಲಿನಿಂದ ಒಬ್ಬೊಬ್ಬರ ಎದ್ದು ಹೋದರು. ಅಕಿ ನಗಿ ನಿಂತಿತು. ಒಬ್ಬ ನಮ್ಮ ದೇಶದಾಂವನ, ಹೆಸರು ಬ್ಯಾಡ, "ನಿಮ್ಮ ಅಣ್ಣತಮ್ಮಂದಿರು ಏನ ಮಾಡ್ಯಾರ ನೋಡಿದಿ?" ಅಂದ. ನಾ ಟೇಪ್ ಗನ್ ತೊಗೊಂಡು ಎದ್ದು ನಿಂತೆ. "ಅಕಿಗೆ ಅಣ್ಣತಮ್ಮಂದಿರು ಇಲ್ಲ. ನೀ ಬೇಕಾದ್ರ ಆಗು, ರಾಖಿ ಕಟ್ಟಸ್ತೀನಿ" ಅಂದೆ. ಬಾಯಿ ಮುಚ್ಚಿದ. ಖರೆ ಬಾಯಿ ಮುಚ್ಚಸೂದರಿಂದ ಮನಿ ಸಿಗಂಗಿಲ್ಲ. ಅವರು ಇದ್ದ ಅಪಾರ್ಟ್‌ಮೆಂಟಿನ ಮಾಲಕ, ನಮ್ಮ ಅಳಿಯ ಬರಾಂವ ಅದಾನ, ಖಾಲಿ ಮಾಡ್ರಿ ಅಂದಿದ್ದ. ಜರ್ಮೀನಾ ಫೋನ್ ಮಾಡಿದಲ್ಲೆಲ್ಲಾ ಹೆಸರು ಕೇಳ್ತಿದ್ರು, ಯಾವ ದೇಶ ಅಂತ ಕೇಳ್ತಿದ್ರು, ಆಮ್ಯಾಲೆ ನಿನ್ನೆನ ಬಾಡಿಗಿಗೆ ಹೋತು ಅಂತಿದ್ರು. ಥಂಡಿ ಬಾಗಲಿಗೆ ಬಂದಿತ್ತು. ಅದೇಗೆ ಮೊದಲ ಉಬ್ಬಸದ ಜಡ್ಡು.

ಆಗ ನನಗ ಶ್ರೀಕಂಠನ ಬೇಸ್‌ಮೆಂಟ್ ನೆನಪಾತು. ಮೈಸೂರಿನವ, ಎಂಜಿನಿಯರ್, ಬೋಲ್ಟನ್ನಿನ ಹೊಸ ಬಡಾವಣ್ಯಾಗ ಮನಿ ತೊಗೊಂಡಿದ್ದ. ದಸರಾ ಪೂಜಾದಾಗ, ಯಾರಾದ್ರೂ ಒಳ್ಳೆ ಟೆನೆಂಟ್ ಇದ್ರೆ ಹೇಳಿ ಅಂತ ಎಲ್ಲಾರಿಗೂ ಹೇಳಿದ್ದ. ವೇರ್‌ಹೌಸಿನಿಂದ ನಡಕೊಂಡು ಹೋಗುವಷ್ಟು ಹತ್ರ. ಜರ್ಮೀನಾನ್ನ ಕರಕೊಂಡು ಹೋದೆ.

ಅಲ್ಲಿ, ಅವನ ಅಡಗಿಮನ್ಯಾಗ, ಆ ಘೋಟಾಳೆ ಆತು. ನಾ ಮೊದಲ ಹೇಳಿದೆ: ಇಬ್ಬರ ಇರ್ತಾರ, ಈಕಿ, ಈಕಿ ತಾಯಿ. "ಯಾವೂರು?" ಅಂತ ಜರ್ಮೀನಾನ್ನ ಇಂಗ್ಲಿಷಿನ್ಯಾಗ ಕೇಳಿದ. "ನೌಶೇರಾ," ಅಂದ್ಲು. ಊರಿನ ಹೆಸರು ಮೊದಲು ಹೇಳೋದು ಅವ್ವನಿಂದ ಬಂದ ಚಟ. ಶ್ರೀಕಂಠನ ಮುಖ ಅರಳಿತು ನೋಡ್ರಿ. ನನ್ನ ಕಡಿ ತಿರುಗಿ ಕನ್ನಡದಾಗ ಕೇಳಿದ: "ಗಿರಿಜಾ ಅವರೇ, ನಮ್ಮಪ್ಪ ಮಿಲಿಟ್ರೀಲಿ ಪೋಸ್ಟಿಂಗ್ ಇದ್ರಲ್ಲ, ಅದೇ ನೌಶೇರಾ?"

ನಾ ಬಾಯಿ ತೆರಿಯೂದ್ರಾಗ ಜರ್ಮೀನಾ ಖುಷಿಯಿಂದ ತಲಿ ಆಡಿಸಿದ್ಲು. "ಜೀ, ಜೀ! ಅದೇ ನೌಶೇರಾ! ಮೈ ಭೀ ನೌಶೇರಾ!"

ಅವನಿಗೆ ಕೇಳಿದ್ದು ಕನ್ನಡ. ಅಕಿ ಹೇಳಿದ್ದು ಪಶ್ತೋ. ನಿಮ್ಮ ತಾಯಿನೂ ನೌಶೇರಾದವರ ಏನು ಅಂತ ಕೇಳಾಕ ಹತ್ಯಾನ ಅಂತ ಅಕಿ ತಿಳಕೊಂಡ್ಲು. ನಮ್ಮ ಕಡಿ ಮಂದಿ ಆಗಿದ್ರ "ಅದ ನೌಶೇರಾ ಏನು?" ಅಂತಿದ್ವಿ, ಈ ಗದ್ದಲನ ಆಗ್ತಿರಲಿಲ್ಲ. ಅವನ ಮೈಸೂರು ಕನ್ನಡ ಅಕಿ ಅವ್ವನ ಮ್ಯಾಲೆ ಹೋಗಿ ಬಿತ್ತು. ನನಗರ ಏನ ಗೊತ್ತು, ಲೋಕದಾಗ ಎರಡು ನೌಶೇರಾ ಅದಾವು ಅಂತ? ಒಂದು ಜಮ್ಮು ಕಡಿ, ನಮ್ಮ ಸೈನ್ಯ ಇರೂದು. ಇನ್ನೊಂದು ಪೇಶಾವರದ ಹತ್ರ, ಕಾಬೂಲ್ ಹೊಳಿ ದಂಡಿ ಮ್ಯಾಲೆ, ಪಠಾಣರದು. ಪಾಕಿಸ್ತಾನದವರು ಅಂತ ಗೊತ್ತಾದ್ರೂ ಮನಿ ಕೊಡಾಕ ಹತ್ಯಾನ, ಎಷ್ಟು ದೊಡ್ಡ ಮನಸು ಅಂತ ನಾ ಅವನಿಗೆ ಕೈ ಮುಗದು ಬಂದೆ. ನಮ್ಮ ಸೈನ್ಯದಾಂವ ಅವನಪ್ಪ ಅಲ್ಲಿ ಹೆಂಗ ಹೋಗಿದ್ರು ಅಂತ ಕೇಳೋ ಬುದ್ಧಿ ನನಗ ಬರಲಿಲ್ಲ. ಈಗ ನೆನಸಿಕೊಂಡ್ರ ಆ ಕೈ ಕಡಕೊಳ್ಳೂಣು ಅನಸ್ತೈತಿ.

ಗೊತ್ತಾದದ್ದು ಅವರು ಸಾಮಾನು ಇಳಿಸಿದ ಮರುದಿನ. ಶ್ರೀಕಂಠನ ತಂದಿ ಅವನ ಜೋಡಿನ ಇದ್ದರು. ಸೈನ್ಯದಾಗ ಸುಬೇದಾರ್ ಆಗಿ ರಿಟೈರ್ ಆದವರು, ನಾವೆಲ್ಲ ಸುಬೇದಾರ್ ಅಂಕಲ್ ಅಂತಿದ್ವಿ. ಅವರು ಲಾಡು ತೊಗೊಂಡು ಬೇಸ್‌ಮೆಂಟಿಗೆ ಇಳದು ಬಂದರು. "ಆಪ್ ಕಾ ನೌಶೇರಾ ಹಮಾರಾ ಭೀ ಹೈ," ಅಂದ್ರು. ತವಿ ಹೊಳಿ, ಗುಡ್ಡದ ಚೌಕಿ, ಗಡಿ, ಅಂತೆಲ್ಲ ಹೇಳಾಕ ಶುರು ಮಾಡಿದ್ರು. ಜರ್ಮೀನಾನ ಮುಖ ಸುಣ್ಣ ಆತು. ಮರುದಿನ ಶಿಫ್ಟಿಗೆ ಹೋಗೂ ಮುಂದ ನನ್ನ ರಟ್ಟಿ ಹಿಡದು ಎಲ್ಲಾ ಹೇಳಿದ್ಲು. ನಾ ಹೇಳಿದೆ, ಇವತ್ತ ಹೋಗಿ ಖರೇದು ಹೇಳಿಬರ್ತೀನಿ, ಏನ ಮಾಡ್ತಾನ ನೋಡೂಣು. ಅಕಿ ರಟ್ಟಿ ಬಿಡಲಿಲ್ಲ. "ದೀದಿ, ಬಸ್ ಸರ್ದೀ ನಿಕಲ್ ಜಾಯೆ. ಅದೇಗೆ ಈ ಥಂಡ್ಯಾಗ ನಾ ಎಲ್ಲಿ ಜಾಗಾ ಹುಡುಕಲಿ? ಎಪ್ರಿಲ್ ಬಂದ ಕೂಡಲೇ ನಾನ ಹೇಳಿ ಖಾಲಿ ಮಾಡ್ತೀನಿ." ಊರು ಅಕಿದು, ತಾಯಿ ಅಕಿಯವರು. ನಾ ನಡುವ ಬಾಯಿ ಹಾಕಲಿಲ್ಲ.

ಅದೇಗೆ ಮಾತ್ರ ಏನೂ ಹೇಳಲಿಲ್ಲ. ಹೇಳಿದ್ರ ಅವರು ಮ್ಯಾಲೆ ಹೋಗಿ ತಮ್ಮ ನೌಶೇರಾ ಯಾವುದು ಅಂತ ಮೊದಲ ಹೇಳಿಬರ್ತಿದ್ರು.

ಆಮ್ಯಾಲೆ ಮಜಾ ನಡೀತು ನೋಡ್ರಿ. ಮಧ್ಯಾಹ್ನ ಶ್ರೀಕಂಠ, ಹೆಂಡತಿ ವಿಜಯಾ, ಇಬ್ಬರೂ ಆಫೀಸಿನ್ಯಾಗ. ಮ್ಯಾಲಿನ ಅಡಗಿಮನಿ ಕಿಡಕಿಗೆ ಚೊಲೋ ಬಿಸಲು ಬೀಳ್ತಿತ್ತು. ಅಲ್ಲಿ ಎರಡು ಕುರ್ಚಿ, ಒಂದರ ಮ್ಯಾಲೆ ಸುಬೇದಾರ್ ಅಂಕಲ್, ಇನ್ನೊಂದರ ಮ್ಯಾಲೆ ಅದೇ. ನಾವು ಶಿಫ್ಟ್ ಮುಗಿಸಿ ಬರೂದ್ರಾಗ ಇಬ್ಬರೂ ಊರು ಮಾತಾಡಿಕೋತ ಕುಂತಿರ್ತಿದ್ದರು. ಅಂಕಲ್ಲಿಂದು ಮಿಲಿಟರಿ ಹಿಂದಿ, ಅದೇದು ಪಠಾಣಿ ಉರ್ದು. ಇಬ್ಬರ ಮಾತಿನ್ಯಾಗೂ ಪುಲ್ಲಿಂಗ ಸ್ತ್ರೀಲಿಂಗ ಎಲ್ಲಾ ಅದಲು ಬದಲು. ಅಂಕಲ್ "ಹೊಳಿ" ಅಂದ್ರ ಅದೇ "ಹೊಳಿ" ಅಂತಿದ್ರು. "ಛಾವಣಿ" ಅಂದ್ರ "ಹಾಂ, ಛಾವಣಿ" ಅಂತಿದ್ರು. ಎರಡೂ ಊರಾಗ ಹೊಳಿ, ಎರಡೂ ಊರಾಗ ಸೈನ್ಯದ ಛಾವಣಿ, ಏನ ಮಾಡ್ತೀರಿ? ಜರ್ಮೀನಾ ಪಾವಟಿಗಿ ಮ್ಯಾಲೆ ನಿಂತು ಉಗುರು ಕಡೀತಿದ್ಲು. ನನಗ ಒಳಗ ನಗಿ, ಹೊರಗ ಹೆದರಿಕಿ.

ಒಂದಿನ ಅದೇ ದೋಣಿ ಸೇತುವಿ ಕತಿ ತಗದ್ರು. ಕಾಬೂಲ್ ಹೊಳಿಗೆ ಅವರೂರಾಗ ಲಂಡೈ ಅಂತಾರ. ಲಂಡೈ ಅಂದ್ರ ಗಿಡ್ಡ ಅಂತ. ಹೊಳಿ ಮ್ಯಾಲೆ ದೋಣಿಗೆ ದೋಣಿ ಕಟ್ಟಿ, ಮ್ಯಾಲೆ ಹಲಗಿ ಹಾಸಿ ಸೇತುವಿ ಮಾಡಿದ್ರಂತ. ನಡದ್ರ ಕಾಲಬುಡಕ ಅಲುಗಾಡತಿತ್ತು. ಬ್ಯಾಸಗಿಯೊಳಗ ಬರ್ಫ ಕರಗಿ ಹೊಳಿ ಉಕ್ಕಿ ಬಂದ್ರ ದೋಣಿ ಬಿಚ್ಚಿ ದಂಡಿಗೆ ಎಳಕೊಳ್ತಿದ್ದರು. ಆಗ ಒಂದ ಊರು ಎರಡ ಊರು ಆಗ್ತಿತ್ತು. ಒಂದು ದಂಡಿಗೆ ಇಂಗ್ಲಿಷರ ಛಾವಣಿ, ರೈಲು, ಬ್ಯಾಂಡ್ ಬಾಜಾ. ಇನ್ನೊಂದು ದಂಡಿಗೆ ಅದೇಯ ಓಣಿ. "ದೋಣಿ ಬಿಚ್ಚಿದ ದಿವಸ ನಮ್ಮವ್ವ ಖುಷಿ ಪಡ್ತಿದ್ಲು," ಅಂದ್ರು ಅದೇ. "ಇನ್ನ ಕೆಲವು ದಿನ ಪೊಲೀಸ್ರು ಈ ಕಡಿ ಬರಂಗಿಲ್ಲ, ನಿಮ್ಮಪ್ಪ ಮನ್ಯಾಗ ಮಲಗ್ತಾನ ಅಂತಿದ್ಲು." ಅಂಕಲ್ ಚಹಾ ಕಪ್ಪು ಕೆಳಗಿಟ್ಟು ಅದೇಯ ಮುಖಾನ ನೋಡಿದ್ರು. ಆಮ್ಯಾಲೆ, "ಹೇಳಿ, ಮುಂದೆ ಹೇಳಿ," ಅಂದ್ರು.

ಅದೇಯ ಅಪ್ಪ ಕೆಂಪಂಗಿಯವರ ಪೈಕಿ. ಆ ಪಠಾಣರು ಇಂಗ್ಲಿಷರ ವಿರುದ್ಧ ಎದ್ದವರು, ಆದ್ರ ಕೈಯಾಗ ಒಂದು ಕೋಲೂ ಹಿಡಿಯಂಗಿಲ್ಲ ಅಂತ ಆಣಿ ಮಾಡಿದವರು. ಬಿಳಿ ಅಂಗಿ ಲಗೂ ಹೊಲಸ ಆಗ್ತಾವಂತ ಇಟ್ಟಂಗಿ ಬಣ್ಣ ಹಾಕಿಕೊಂಡಿದ್ರು. ಮನ್ಯಾಗ ಬಣ್ಣದ ಹಂಡೆ ಕಲಸ್ತಿದ್ದದ್ದು ಅದೇಯ ಅವ್ವ. ಆ ಅಪ್ಪ ಇಂಗ್ಲಿಷರ ಜೈಲಿನ್ಯಾಗ ಇದ್ದ. ಸ್ವಾತಂತ್ರ್ಯ ಬಂತು, ಬಿಡುಗಡೆ ಆಗಿ ಬಂದ. ಪಾಕಿಸ್ತಾನದ ಹೊಸ ಸರಕಾರದವರು ಮತ್ತ ಹಿಡದು ಒಳಗ ಹಾಕಿದ್ರು, ನೀವು ಆ ಕಡಿ ಗಾಂಧಿ ಮಂದಿ ಅಂತ. "ಎರಡೂ ಕಡಿಯವರು ನಮ್ಮ ಕೈ ಬಿಟ್ರು," ಅಂದ್ರು ಅದೇ. ನಗುತ್ತನ ಅಂದ್ರು. ನಾ ಶಾಲ್ಯಾಗ ಸ್ವಾತಂತ್ರ್ಯದ ಪಾಠ ಬಾಯಿಪಾಠ ಮಾಡಿದಾಕಿ, ಈ ಮಂದಿ ಬಗ್ಗೆ ಒಂದು ಸಾಲೂ ನೆನಪಿಲ್ಲ. ಇದ್ರ ತಾನ ನೆನಪಿರೂದು.

ಡಿಸೆಂಬರ್ ಬಂತು. ದಿಲ್ಲಿಯಾಗ ಪಾರ್ಲಿಮೆಂಟಿನ ಮ್ಯಾಲೆ ದಾಳಿ ಆತು, ಗಡಿ ಮ್ಯಾಲೆ ಎರಡೂ ಕಡಿ ಸೈನ್ಯ ಹೋಗಿ ನಿಂತವು. ಇಲ್ಲಿ ನಮ್ಮ ಮಂದಿಗೆ ಹಾಲಿನ್ಯಾಗ ಕುಂತು ಟಿವಿ ಮುಂದ ಯುದ್ಧ ಮಾಡೋ ಉಮೇದು. ಶ್ರೀಕಂಠನಂತೂ ಬಂದವರಿಗೆಲ್ಲ, "ನಮ್ಮ ಬೇಸ್‌ಮೆಂಟಲ್ಲೇ ಬಾರ್ಡರಿನವರು ಇದ್ದಾರೆ" ಅಂತ ಹೇಳಿಕೋತ ತಿರುಗಿದ. ಸಂಕ್ರಾಂತಿ ದಿವಸ ಎಳ್ಳು ಬೀರಾಕ ಎಲ್ಲಾರನೂ ಮನಿಗೆ ಕರೆದ. ಅದೇನ್ನೂ ಮ್ಯಾಲೆ ಕರಸಿದ. ಜರ್ಮೀನಾ ಬ್ಯಾಡ ಅಂದ್ಲು, ಅದೇಗೆ ಜ್ವರ ಐತಿ ಅಂದ್ಲು. ಅದೇ ಕೇಳಬೇಕಲ್ಲ! ಹಬ್ಬಕ್ಕ ಕರದಾರ, ಹೋಗದಿದ್ರ ಹೆಂಗ ಅಂತ ಒಳ್ಳೆ ಚಾದರ ಹೊದಕೊಂಡು ಮೆಟ್ಟಲ ಹತ್ತಿ ಬಂದ್ರು. ಎಳ್ಳಿನ ತಾಟಿನ್ಯಾಗಿಂದ ಬೆಲ್ಲದ ಚೂರು ಆರಿಸಿ ಬಾಯಿಗೆ ಹಾಕ್ಕೊಂಡು ನನ್ನ ಕಡಿ ನೋಡಿ ಕಣ್ಣ ಮಿಟಕಿಸಿದ್ರು.

ಎಲ್ಲಾರೂ ಕುಂತ ಮ್ಯಾಲೆ ಶ್ರೀಕಂಠ ಚಪ್ಪಾಳಿ ಹೊಡದ. "ಇವರು ನಮ್ಮ ನೌಶೇರಾದವರು. ನಲವತ್ತೇಳರಲ್ಲಿ ಆ ಪಠಾಣರು ನುಗ್ಗಿ ಊರುಗಳನ್ನೇ ಸುಟ್ಟರಲ್ಲ, ಆಗ ಇವರು ಚಿಕ್ಕ ಹುಡುಗಿ. ಕಣ್ಣಾರೆ ನೋಡಿರ್ತಾರೆ. ಕೇಳೋಣ."

"ಬಿಡೋ, ಅವರಿಗೆ ಆಯಾಸ ಆಗಿದೆ," ಅಂದ್ರು ಸುಬೇದಾರ್ ಅಂಕಲ್. ಎಂಥಾ ಸಭ್ಯ ಮನಶ್ಯಾ ಅಂತ ನಾ ಅನಕೊಂಡೆ.

ಶ್ರೀಕಂಠ ಬಿಡಲಿಲ್ಲ. ಪಠಾಣರು ಬಂದಾಗ ಎಲ್ಲಿ ಅಡಗಿಕೊಂಡಿದ್ರಿ ಅಂತ ತನ್ನ ಹಿಂದ್ಯಾಗ ಕೇಳಿದ: "ಅಮ್ಮಾಜಿ, ಪಠಾಣ್ ಲೋಗ್ ಆಯೇ ನಾ? ಆಪ್ ಲೋಗ್ ಕಹಾಂ ಛುಪೇ?"

ಅದೇ ಅವನ ಮುಖ ನೋಡಿದ್ರು. ಮಗಳ ಮುಖ ನೋಡಿದ್ರು. ಜರ್ಮೀನಾ ಕಣ್ಣ ಮುಚ್ಚಿಕೊಂಡಿದ್ಲು. ಅದೇಗೆ ಆ ಪ್ರಶ್ನೆ ಭಾಳ ಮೋಜು ಅನಿಸಿರಬೇಕು, ಎದಿ ಅಲುಗಾಡುವಂಗ ನಕ್ಕರು. "ಪಠಾಣ್ ಕಹಾಂ ಸೇ ಆಯೇಗಾ, ಬೇಟಾ? ಹಮ್ ಹೀ ತೋ ಪಠಾಣ್ ಹೈ!"

ಪಠಾಣರು ಎಲ್ಲಿಂದ ಬರಬೇಕು, ನಾವ ಪಠಾಣರು.

ಹಾಲಿನ್ಯಾಗ ಕುಂತವರು ಒಬ್ಬರ ಮುಖ ಒಬ್ಬರು ನೋಡಿದ್ರು. ಅದೇ ಮಾತ್ರ ಮುಂದ ಹೇಳಿಕೋತನ ಹೋದ್ರು, ಕೇಳಾಕ ಇಷ್ಟು ಮಂದಿ ಸಿಕ್ಕಾರ ಅಂತ ಹುರುಪಿನಿಂದ. ಲಂಡೈ ಹೊಳಿ, ಪೇಶಾವರದ ರೈಲು, ಕೆಂಪಂಗಿ, ಕೋಲಿಲ್ಲದ ಕೈ, ನಿಮ್ಮ ಗಾಂಧಿ ನಮ್ಮ ಕಡಿ ಬಂದಾಗ ನಮ್ಮಪ್ಪ ಕಾಲನಡಿಗಿಲೆ ಹೋಗಿ ನೋಡಿ ಬಂದಿದ್ದ ಅಂತ. ಒಬ್ಬರೂ ಕೇಳಲಿಲ್ಲ. ಒಬ್ಬಾಕಿ ಕೈಯಾಗಿನ ಎಳ್ಳಿನ ಪೊಟ್ಟಣ ಸಾವಕಾಶ ಟೇಬಲ್ ಮ್ಯಾಲೆ ಇಟ್ಟು ಕೈ ಒರಸಿಕೊಂಡ್ಲು. ಎಳ್ಳು ಬೆಲ್ಲ ಕೊಟ್ಟು ಒಳ್ಳೆ ಮಾತಾಡಬೇಕಾದ ಹಬ್ಬದ ದಿವಸ! ಅವರಿಗೆ "ಪಠಾಣ್" ಒಂದ ಶಬ್ದ ಕೇಳಿಸಿತ್ತು, ಅದರ ಮುಂದ ಕಿವಿ ಮುಚ್ಚಿಬಿಟ್ಟಿದ್ವು. ಅದೇ ಮಾತು ನಿಲ್ಲಿಸಿ ಸುತ್ತಲೂ ನೋಡಿದ್ರು. ಆಗ ಅವರಿಗೆ ಏನೋ ತಿಳೀತು. ತಾವ ಎದ್ದು, ಚಾದರ ಸರಿ ಮಾಡಿಕೊಂಡು, ಎಲ್ಲಾರಿಗೂ ಸಲಾಂ ಹೇಳಿ ಕೆಳಗ ಇಳದು ಹೋದ್ರು.

ಮರುದಿನ ಶ್ರೀಕಂಠ ವಿಜಯಾ ಕೈಲೆ ಹೇಳಿ ಕಳಿಸಿದ: ಬೇಸ್‌ಮೆಂಟ್ ನಮಗೇ ಬೇಕು, ಊರಿಂದ ನೆಂಟರು ಬರ್ತಾರೆ, ವೀಕೆಂಡ್ ಒಳಗೆ ಬಿಡಿ. ನೆಂಟರಂತ! ಯಾವ ನೆಂಟರೂ ಬರಲಿಲ್ಲ, ಆ ಬೇಸ್‌ಮೆಂಟ್ ಬ್ಯಾಸಗಿತನಕ ಖಾಲಿ ಬಿದ್ದಿತ್ತು. ನಾ ಶಿಫ್ಟಿನ ಬೂಟ್ ಕಾಲಾಗ ಇದ್ದಂಗನ ಅವನ ಬಾಗಲಕ್ಕ ಹೋದೆ. "ಶ್ರೀಕಂಠ ಅವರ, ಹೊರಗ ಹಿಮಾ ನೋಡ್ರಿ. ಉಬ್ಬಸದ ಮುದುಕಿ. ಎಪ್ರಿಲ್‌ತನಕ ಬಿಡ್ರಿ."

"ಸುಳ್ಳು ಹೇಳಿ ಸೇರ್ಕೊಂಡೋರು, ಗಿರಿಜಾ ಅವರೇ."

"ಯಾರು ಸುಳ್ಳು ಹೇಳಿದ್ರು? ನೀವು ಅದೇ ಅಂದ್ರಿ, ಅಕಿ ಅದೇ ಅಂದ್ಲು. ಅಕಿಗೆ ಅದೇ ಅಂದ್ರ ಅವ್ವ!"

ನನಗ ತಲಿ ಕೆಟ್ಟೈತಿ ಅನ್ನುವಂಗ ನೋಡಿದ. "ಈ ಸಿಚುಯೇಷನ್ನಲ್ಲಿ ರಿಸ್ಕ್ ತಗೊಳಕ್ಕಾಗಲ್ಲ. ನಂಗೂ ಮಕ್ಕಳಿದ್ದಾರೆ," ಅಂದ. ಸಂಕ್ರಾಂತಿ ಹಿಂದಿನ ದಿವಸದತನಕ ಆ ಮಕ್ಕಳಿಗೆ ಅದೇ ಕೈಯಾರೆ ಬದಾಮಿ ತಿನಸ್ತಿದ್ರು. ಅವನ ಹಿಂದ ಸುಬೇದಾರ್ ಅಂಕಲ್ ಕುರ್ಚ್ಯಾಗ ಕುಂತಿದ್ರು, ಪೇಪರ್ ಮುಖದ ಮುಂದ ಹಿಡಕೊಂಡು. ಪಾಪ, ಮುದುಕ, ತನ್ನ ನೌಶೇರಾ ಅಂತ ನಂಬಿ ಮೋಸ ಹೋದೆ ಅಂತ ಸಂಕಟ ಪಡ್ತಿರಬೇಕು ಅಂತ ನಾನ ಅವರ ಪರವಾಗಿ ನೆಪ ಹುಡುಕಿದೆ.

ಹೊರಡೋ ಮಧ್ಯಾಹ್ನ ನಮ್ಮವರು ವ್ಯಾನ್ ತೊಗೊಂಡು ಬಂದಿದ್ರು. ಸಾಮಾನೇನು ಭಾಳ ಇರಲಿಲ್ಲ. ಅದೇ ಒಂದು ಪೊಟ್ಟಣದಾಗ ಹಸರ ಚಹಾಪುಡಿ, ಬೆಲ್ಲ ಕಟಗೊಂಡು ಅಂಕಲ್‌ಗೆ ಕೊಡಬೇಕಂತ ಮ್ಯಾಲೆ ಹೋದ್ರು. ನಾನೂ ಹೋದೆ. ಅಂಕಲ್ಲಿನ ಖೋಲಿ ಕದಾ ಹಾಕಿತ್ತು. "ಮಲಗಿದ್ದಾರೆ," ಅಂದ್ಲು ವಿಜಯಾ, ನೆಲಾ ನೋಡಿಕೋತ. ಕದದ ಆಕಡಿ ಟಿವಿ ಸಪ್ಪಳ ಕೇಳತಿತ್ತು. ಅದೇ ಆ ಕದದ ಮುಂದ ಸ್ವಲ್ಪ ಹೊತ್ತು ನಿಂತರು. ಪೊಟ್ಟಣ ಕದದ ಬುಡಕ ಇಟ್ಟು ಬಂದ್ರು. ವ್ಯಾನಿನ್ಯಾಗ ಕುಂತ ಮ್ಯಾಲೆ ನನ್ನ ಕೇಳಿದ್ರು: "ನಾ ಏನ ತಪ್ಪ ಹೇಳಿದೆ? ಊರು ಕೇಳಿದ್ರು, ಊರು ಹೇಳಿದೆ." ನಾ ಏನಂತ ಹೇಳಲಿ? ನಮ್ಮ ಮಂದಿ ಹಿಂಗ ಅಂತ ಹೇಳಲಿ?  ವಸಂತ ಬರೂತನಕ ನಮ್ಮ ಒಂದು ಖೋಲಿ ಅಪಾರ್ಟ್‌ಮೆಂಟಿನ ಹಾಲಿನ್ಯಾಗ ಇದ್ದರು. ಆಮ್ಯಾಲೆ ಜರ್ಮೀನಾಗ ಹ್ಯಾಮಿಲ್ಟನ್ನಿನ್ಯಾಗ ಕೆಲಸ ಸಿಕ್ಕಿತು, ಹೋದ್ರು.

ಅದ ಶ್ರೀಕಂಠ ಈಗ ಝೂಮರಿನ ಕೆಳಗ ನಿಂತು, ಕೈಲಾದಷ್ಟು ಅನ್ನಾಕ ಹತ್ಯಾನ.

ತಾಟು ಕೆಳಗಿಟ್ಟೆ. ಕಂಬದ ಆಕಡಿ ಹೋದೆ. "ಅದು ನಿಮ್ಮ ನೌಶೇರಾ ಅಲ್ಲರಿ," ಅಂದೆ. ಧ್ವನಿ ನಾ ಅನಕೊಂಡದ್ದಕ್ಕಿಂತ ಜೋರ ಬಂತು. "ಅದು ಪಠಾಣರ ನೌಶೇರಾ. ಗೊತ್ತಾದ ವಾರದಾಗ ಉಬ್ಬಸದ ಮುದುಕಿನ್ನ ಹಿಮದಾಗ ಹೊರಗ ಹಾಕಿದ್ರಿ. ಕತಿ ಹೇಳೂದಿದ್ರ ಅಷ್ಟೂ ಹೇಳ್ರಿ, ಅರ್ಧ ಯಾಕ ನುಂಗ್ತೀರಿ?" ಹುಡುಗ್ರು ತಮ್ಮ ತಮ್ಮ ತಾಟು ನೋಡಾಕ ಹತ್ತಿದ್ರು. ಶ್ರೀಕಂಠ, "ಗಿರಿಜಾ ಅವರೇ, ಶುಭಕಾರ್ಯದ ದಿನ..." ಅಂದ. "ಅವತ್ತೂ ಶುಭದಿನಾನ ಇತ್ತು," ಅಂದು ಚಪ್ಪಲಿ ಹುಡುಕಿಕೋತ ಬಾಗಲ ಕಡಿ ನಡದೆ.

ಬಾಗಲ ಬಾಜೂಕ ಕುರ್ಚ್ಯಾಗ ಸುಬೇದಾರ್ ಅಂಕಲ್ ಕುಂತಿದ್ರು. ಭಾಳ ವಯಸ್ಸಾಗಿತ್ತು, ಆದ್ರ ಕಿವಿ ಚುರುಕಿದ್ವು. ನನ್ನ ಸೆರಗು ಹಿಡದು ನಿಲ್ಲಿಸಿದ್ರು. "ನಂಗೆ ಗೊತ್ತಿತ್ತು ಕಣಮ್ಮಾ," ಅಂದ್ರು, ಸಣ್ಣ ಧ್ವನಿಯಾಗ.

"ಏನ ಗೊತ್ತಿತ್ತು?"

"ಆಯಮ್ಮ ಆ ಕಡೆ ನೌಶೇರಾದವರು ಅಂತ. ನಮ್ಮ ತವೀಲಿ ದೋಣಿ ಸೇತುವೆ ಎಲ್ಲಿತ್ತು? ದೋಣಿ ಬಿಚ್ಚೋ ಮಾತು ಹೇಳಿದ್ರಲ್ಲ, ಅವತ್ತೇ ಗೊತ್ತಾಯ್ತು. ಅವರು ಹೇಳ್ತಿದ್ರೆ ಕೇಳ್ತಾನೇ ಇರೋಣ ಅನ್ಸೋದು. ಅದಕ್ಕೇ ಕೇಳ್ತಿದ್ದೆ."

 ಇಷ್ಟು ವರ್ಷ ಈ ಒಬ್ಬ ಮನಶ್ಯಾನ್ನ ಮಾತ್ರ ನಾ ಬಿಟ್ಟಿದ್ದೆ, ಪಾಪ ಮೋಸ ಹೋದ ಮುದುಕ ಅಂತ. ಶ್ರೀಕಂಠಗ ಅದೇ ಯಾರು ಅಂತ ಗೊತ್ತಿರಲಿಲ್ಲ, ಅಂವಗ ಗೊತ್ತಿದ್ದದ್ದು ಬರೇ ಒಂದು ಊರಿನ ಹೆಸರು. ಈ ಮನಶ್ಯಾಗ ಅದೇಯ ಅಪ್ಪ ಗೊತ್ತು, ಅವ್ವ ಗೊತ್ತು, ಬಣ್ಣದ ಹಂಡೆ ಗೊತ್ತು.

"ಗೊತ್ತಿದ್ದೂ ಪೇಪರ್ ಹಿಡಕೊಂಡು ಕುಂತ್ರಿ? ಗೊತ್ತಿದ್ದೂ ಕದಾ ಹಾಕ್ಕೊಂಡು ಟಿವಿ ಹಚ್ಚಿದ್ರಿ?"

"ಮಗನ ಮನೆ ಕಣಮ್ಮಾ."

"ಬಂದೂಕು ಹಿಡದು ಗಡಿ ಕಾಯ್ದವರು ನೀವು! ಅಕಿ ಅಪ್ಪ ಕೈಯಾಗ ಕೋಲೂ ಇಲ್ಲದ ಇಂಗ್ಲಿಷರ ಮುಂದ ನಿಂತಾಂವ. ನಿಮಗ ಸ್ವಂತ ಮಗನ ಮುಂದ ಒಂದು ಮಾತಾಡಾಕ ಆಗಲಿಲ್ಲ?"

ಅವರು ಸೆರಗು ಬಿಟ್ಟರು. ನಾ ಚಪ್ಪಲಿ ಮೆಟ್ಟಿದೆ. ನಮ್ಮವರು ಆಗಲೇ ಕಾರು ಚಾಲೂ ಮಾಡಿ ನಿಂತಿದ್ರು.

"ಈಗ ಎಲ್ಲಿದ್ದಾರಮ್ಮಾ?" ಅಂತ ಹಿಂದಿಂದ ಕೇಳಿದ್ರು. "ಹೇಗಿದ್ದಾರೆ?"

"ಹ್ಯಾಮಿಲ್ಟನ್ನಿನ್ಯಾಗ, ಮಗಳ ಜೋಡಿ. ಆರಾಮ ಅದಾರ," ಅಂದೆ. ಕದಾ ತಗದೆ. ಅಷ್ಟಕ್ಕ ಬಿಡಬೇಕಿತ್ತು, ಬಿಡಾಕ ಆಗಲಿಲ್ಲ. ಹೊಳ್ಳಿ ನಿಂತು ಹೇಳಿದೆ: "ಹೋದ ತಿಂಗಳ ನಾ ಅಲ್ಲಿ ಹೋದಾಗ ಬಾಜೂ ಮನಿಯಾಕಿ ಬಂದು ನಿಮ್ಮದು ಯಾವೂರು ಅಂತ ಕೇಳಿದ್ಲು. ಕೇಳದನ ನೌಶೇರಾ ಅಂತಿದ್ದ ಅದೇ, ಮೊದಲ ಅಕಿ ಮುಖ ನೋಡಿದ್ರು, ಆಮ್ಯಾಲೆ ಇಂಡಿಯಾ ಅಂದ್ರು."